ಮೊದಲು ಶಾವಿಗೆ ಮಣೆ

ನಮ್ಮ ಮನೆಗೆ ಬೆಂಕಿ ಬಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಓದುವವರು ಕೊನೆಯವರೆಗೂ ಬಕೆಟ್ಟು ಹಿಡಿದುಕೊಂಡು ಕಾಯಬೇಕಾಗುತ್ತದೆ. ಬೆಂಕಿ ಬಿದ್ದದ್ದು ಹಿಂದಿನ ಓಣಿಯ ಒಂದು ಮನೆಗೆ, ಅದೂ ಅಡುಗೆಮನೆಯ ಒಂದು ಗೋಡೆಗೆ ಮಾತ್ರ. ಫ್ರಿಜ್ಜಿನ ವೈರು ಸುಟ್ಟು ಕಿಟಕಿಯ ಪರದೆ ಹತ್ತಿಕೊಂಡಿತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರು ಮರಳು ಎರಚಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮನೆಯ ಯಜಮಾನರು ಹೊಗೆಯೊಳಗಿಂದ ಓಡಿ ಹೊರಗೆ ಬಂದಾಗ ಅವರ ಕೈಯಲ್ಲಿ ಟಿವಿಯ ರಿಮೋಟು ಇತ್ತು. ಹಿಂದೆಯೇ ಬಂದ ಅವರ ಹೆಂಡತಿ ಎದೆಗವಚಿ ತಂದದ್ದು ಒಂದು ಸಿವುಡು ಕೊತ್ತಂಬರಿ. ಬಂಗಾರ, ಕಾಗದಪತ್ರ ಎಲ್ಲವೂ ಒಳಗೆ. ಇಬ್ಬರೂ ರಸ್ತೆಯಲ್ಲಿ ನಿಂತು ಒಬ್ಬರ ಕೈ ಒಬ್ಬರು ನೋಡಿಕೊಂಡರಂತೆ.

ಓಣಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಾನು ದುಡಿದ ಆಯುಷ್ಯವನ್ನೆಲ್ಲ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ಕಳೆದವಳು. ನಮ್ಮ ತರಬೇತಿಯಲ್ಲಿ ಹಾಸಿಗೆಯ ಚಾದರದ ಮೂಲೆ ಮಡಿಸುವುದಕ್ಕೂ ಒಂದು ಪದ್ಧತಿ ಇತ್ತು. ಮಡಿಕೆ ಸಡಿಲವಾಗಿದ್ದರೆ ಮೇಟ್ರನ್ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ವಾರ್ಡಿಗೆ ಬೆಂಕಿ ಬಿದ್ದರೆ ಯಾರು ಯಾವ ಬಾಗಿಲಿಗೆ ಓಡಬೇಕು, ಯಾವ ರೋಗಿಯನ್ನು ಮೊದಲು ಎತ್ತಬೇಕು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತೆ ಕಲಿಸಿದ್ದರು. ಅಂಥವಳ ಮನೆಯಲ್ಲಿ ನಾಳೆ ಬೆಂಕಿ ಬಿದ್ದರೆ ಏನಾಗುತ್ತದೆ? ನಮ್ಮವರು ಕೈಯಲ್ಲಿ ಬೆನ್ನು ತುರಿಸುವ ಕಡ್ಡಿ ಹಿಡಿದು ರಸ್ತೆಗೆ ಬರುತ್ತಾರೆ. ನಾನು ಅದನ್ನು ಕಣ್ಣಾರೆ ಕಂಡಂತಾಗಿ ಆ ದಿನವೇ ಸಂಜೆಯ ಚಹಾದ ಹೊತ್ತಿಗೆ ಮನೆಯಲ್ಲಿ ಸಭೆ ಕರೆದೆ.

ಸಭೆ ಎಂದರೆ ಮೂರೇ ಜನ. ನಾನು, ನಮ್ಮವರು, ತೊಂಬತ್ತರ ಹತ್ತಿರದ ನಮ್ಮ ಅತ್ತೆ. ಹಳೇ ಹುಬ್ಬಳ್ಳಿಯ ಈ ಮನೆಗೆ ಅತ್ತೆ ಮದುವೆಯಾಗಿ ಬಂದವರು, ನಾನೂ ಮದುವೆಯಾಗಿ ಬಂದವಳು. ನಮ್ಮವರು ಇಲ್ಲಿಯೇ ಹುಟ್ಟಿದವರಾದ್ದರಿಂದ ಮನೆ ತಾನಾಗಿಯೇ ನಡೆಯುತ್ತದೆ ಎಂದು ಅವರ ನಂಬಿಕೆ.

“ಮನಿಗೆ ಬೆಂಕಿ ಬಿತ್ತು ಅಂತ ತಿಳೀರಿ. ಮೊದಲ ಏನು ಹೊರಗ ತರತೀರಿ? ಒಂದs ಸಾಮಾನು ಹೇಳ್ರಿ,” ಅಂದೆ.

ನಮ್ಮವರು ಬಶಿಯಲ್ಲಿ ಚಹಾ ಹುಯ್ದುಕೊಂಡು ಯೋಚಿಸಿದರು. ಅವರು ಅರಳೆಯ ದಲಾಲಿ ಅಂಗಡಿಯಲ್ಲಿ ಕೆಲಸ ಮಾಡಿದವರು. “ನಮ್ಮ ಅಂಗಡ್ಯಾಗ ಅರಳಿಗೆ ಬೆಂಕಿ ಬಿದ್ದರ ಏನ ಉಳಸೂದು ಅಂತ ಯಾರೂ ವಿಚಾರ ಮಾಡತಿದ್ದಿಲ್ಲ. ಓಡಿಬಿಡತಿದ್ವಿ.”

“ಇದು ಅರಳಿ ಅಂಗಡಿ ಅಲ್ರಿ, ಮನಿ.”

“ಹಂಗಾರ ನಿನ್ನ ತರತೇನಿ.”

“ನನಗ ಕಾಲದಾವು. ನಾ ಬರತೇನಿ. ಸಾಮಾನು ಹೇಳ್ರಿ.”

ಒಳ್ಳೆಯ ಮಾತೊಂದು ವ್ಯರ್ಥವಾಯಿತೆಂದು ಅವರು ಮುಖ ಸಣ್ಣದು ಮಾಡಿಕೊಂಡು, “ಚಾಳೀಸು,” ಅಂದರು. ಆ ಕನ್ನಡಕ ಆಗ ಅವರ ಹಣೆಯ ಮೇಲೆಯೇ ಇತ್ತು.

ಅತ್ತೆಯವರನ್ನು ಕೇಳಿದೆ. ಇಷ್ಟಲಿಂಗ ಎಂದು ಹೇಳುತ್ತಾರೆ ಅಂದುಕೊಂಡಿದ್ದೆ. ಅದು ಕೊರಳಲ್ಲಿಯೇ ಇರುವುದರಿಂದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಹೇಳಲು ಸಿದ್ಧಳಾಗಿಯೂ ಇದ್ದೆ. ಅವರು ಯೋಚನೆಯನ್ನೇ ಮಾಡಲಿಲ್ಲ.

“ಶಾವಿಗಿ ಮಣಿ.”

ಶಾವಿಗೆ ಮಣೆ ಎಂದರೆ ಊಟಕ್ಕೆ ಕೂರುವ ಮಣೆಯಂಥದಲ್ಲ. ಆಳಿಗಿಂತ ಉದ್ದದ ಸಾಗವಾನಿ ಹಲಗೆ, ಮೈಮೇಲೆ ಸಣ್ಣ ಗೀರುಗಳು. ಒಂದು ತುದಿಯನ್ನು ಎತ್ತರಕ್ಕೆ ಆನಿಸಿ ಅದರ ಮೇಲೆ ಕುಳಿತು, ನಾದಿದ ಗೋಧಿಯ ಕಣಕವನ್ನು ಅಂಗೈಯಿಂದ ಹೊಸೆದರೆ ಎಳೆ ಎಳೆಯಾಗಿ ಶಾವಿಗೆ ಇಳಿಯುತ್ತದೆ. ಇನ್ನೊಬ್ಬರು ಆ ಎಳೆಗಳನ್ನು ಹಿಡಿದು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸಬೇಕು. ಈಗ ಎಲ್ಲ ಕಡೆ ಮೆಷಿನ್ನು ಬಂದಿದೆ. ಮೆಷಿನ್ನಿನ ಶಾವಿಗೆಯನ್ನು ಅತ್ತೆ ಒಮ್ಮೆ ತಿಂದು ನೋಡಿ, ‘ಟೆಲಿಫೋನ್ ವಾಯರ್’ ಎಂದು ತಟ್ಟೆ ಸರಿಸಿದ್ದರು. ಈ ಮಣೆ ಅವರ ತವರಿನಿಂದ ಚಕ್ಕಡಿಯಲ್ಲಿ ಅವರ ಜೊತೆಗೇ ಬಂದದ್ದು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ಸರದಿ ಹಚ್ಚಿ ಅದರ ಮೇಲೆ ಕೂರುತ್ತಾರೆ. ಕೂತು ಕೂತು ಅದರ ಒಂದು ತುದಿ ಕುದುರೆಯ ಬೆನ್ನಿನ ಹಾಗೆ ನುಣುಪಾಗಿದೆ.

“ಅತ್ತಿ, ಅಷ್ಟುದ್ದ ಹಲಗಿ! ಬೆಂಕ್ಯಾಗ ಅದನ್ನ ಯಾರು ಹೊರತಾರ?” ಅಂದೆ. “ಕಾಗದಪತ್ರದ ಚೀಲ ಅದ, ನಿಮ್ಮ ಔಷಧ ಅದಾವು—”

“ಅವು ನಿನ್ನ ವಿಚಾರ. ನೀ ಕೇಳಿದಿ, ನಾ ಹೇಳಿದೆ. ಮಣಿ ಹೊರಗ ಹೋಗೂತನಾ ನಾ ಹೊರಗ ಬರಂಗಿಲ್ಲ.”

“ಬೆಂಕಿ ಬಿದ್ದಿರತದ ಅತ್ತಿ!”

“ಬೀಳಲಿ. ನಾ ಮಣಿ ಮ್ಯಾಲ ಕುಂತಿರತೇನಿ.”

ಅತ್ತೆ ಒಂದು ಮಾತು ಆಡಿದರೆ ಅದನ್ನು ನಡೆಸುವವರು. ನಾನು ಚಮಚೆಯಿಂದ ಲೋಟ ಬಡಿದು ಸಭೆಯ ತೀರ್ಮಾನ ಹೇಳಿದೆ: ಮೊದಲು ಶಾವಿಗೆ ಮಣೆ, ಆಮೇಲೆ ಅತ್ತೆ, ಆಮೇಲೆ ಕಾಗದಪತ್ರ. ಮೇಟ್ರನ್ ಕೇಳಿಸಿಕೊಂಡಿದ್ದರೆ ನನ್ನನ್ನು ಅಲ್ಲಿಯೇ ಕೆಲಸದಿಂದ ತೆಗೆಯುತ್ತಿದ್ದರು. ಆದರೆ ಹಾಸಿಗೆ ಬಿಟ್ಟು ಏಳಲಾರೆ ಎನ್ನುವ ರೋಗಿಯನ್ನು ಹಾಸಿಗೆ ಸಮೇತ ಒಯ್ಯಬೇಕೆಂದು ಕಲಿಸಿದವರೂ ಅವರೇ.

ತೀರ್ಮಾನ ಸಾಲದು, ಅಭ್ಯಾಸ ಬೇಕು. ನಮ್ಮೂರಲ್ಲಿ ಯಾವ ಕೆಲಸಕ್ಕೂ ಪಂಚಾಂಗಕ್ಕಿಂತ ಮೊದಲು ನಳದ ನೀರು ಬರುವ ದಿನ ನೋಡಬೇಕು. ನೀರು ಬರುವ ದಿನ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ನೀರು ಬಾರದ, ರಜೆಯ ಒಂದು ಬೆಳಗನ್ನು ಆರಿಸಿದೆ.

“ಬೆಂಕಿಗೂ ಹೇಳಿಡು, ನೀರು ಬರೂ ದಿನಾ ನೋಡಿ ಬಾ ಅಂತ,” ಎಂದರು ನಮ್ಮವರು.

ಆ ರಜೆ ರಂಗಪಂಚಮಿಯದು. ಹೋಳಿ ಹುಣ್ಣಿಮೆಯಾಗಿ ಐದನೇ ದಿನ ನಮ್ಮ ಹುಬ್ಬಳ್ಳಿಯಲ್ಲಿ ಬಣ್ಣ, ಸಂಜೆ ಕಾಮದಹನ. ಓಣಿಯ ಮೂಲೆಯಲ್ಲಿ ಕಟ್ಟಿಗೆಯ ರಾಶಿ ದಿನದಿಂದ ದಿನಕ್ಕೆ ಬೆಳೆಯುವುದನ್ನು ನಾನು ಹಾಲು ತರಲು ಹೋಗುವಾಗೆಲ್ಲ ನೋಡುತ್ತಿದ್ದೆ. ಆದರೆ ನನ್ನ ಲೆಕ್ಕದಲ್ಲಿ ಅದು ಅವರ ಬೆಂಕಿ, ಇದು ನನ್ನ ಬೆಂಕಿ. ಎರಡನ್ನೂ ಕೂಡಿಸಿ ನೋಡಬೇಕೆಂದು ಹೊಳೆಯಲಿಲ್ಲ.

ಕಾಮಣ್ಣನ ಕಟ್ಟಿಗೆಯ ಪದ್ಧತಿ ಬೇರೆ ಊರಿನವರಿಗೆ ಗೊತ್ತಿರಲಿಕ್ಕಿಲ್ಲ. ಅದನ್ನು ಕೊಂಡು ತರುವುದಿಲ್ಲ. ಕದ್ದು ತರುವುದೇ ಪದ್ಧತಿ. ಹಿತ್ತಲಲ್ಲಿ ಇಟ್ಟ ಸಗಣಿಯ ಕುಳ್ಳು, ಮುರಿದ ಕುರ್ಚಿ, ಬಾಗಿಲಿನ ಪಟ್ಟಿ, ಕೈಗೆ ಸಿಕ್ಕದ್ದು. ಕಳೆದುಕೊಂಡವರು ಬಾಯಿ ತುಂಬ ಬೈಯಬಹುದು, ಆದರೆ ತಿರುಗಿ ಕೇಳುವಂತಿಲ್ಲ. ರಾಶಿಯ ಮೇಲೆ ಬಿದ್ದದ್ದು ಕಾಮಣ್ಣನದು. ನಮ್ಮ ಎದುರು ಮನೆಯ ಅಣ್ಣನವರು, ಬಟ್ಟೆ ಅಂಗಡಿಯಿಂದ ನಿವೃತ್ತರಾದವರು, ಓಣಿಯ ಕಾಮಣ್ಣನ ಕಮಿಟಿಗೆ ಮುಖ್ಯಸ್ಥರು. ಹಿಂದಿನ ವರ್ಷ ಅವರ ಕಮಿಟಿಯವರೇ ಗುರುತು ಹತ್ತದೆ ಅವರ ನಿಚ್ಚಣಿಕೆಯನ್ನೇ ಒಯ್ದು ಒಟ್ಟಿದ್ದರು. ಅದು ಉರಿಯುವಾಗ ಅಣ್ಣನವರು ಹೋಳಿಯ ಚರ್ಮವಾದ್ಯ ಹಲಗಿಯನ್ನು ಬಾರಿಸುತ್ತ ನಿಂತಿದ್ದರೆಂದೂ, ಆದರೆ ತಾಳ ತಪ್ಪುತ್ತಿತ್ತೆಂದೂ ಅವರ ಹೆಂಡತಿ ಹೇಳಿದ್ದರು. ಅಂದಿನಿಂದ ಅವರು ನಮ್ಮ ನಿಚ್ಚಣಿಕೆಯನ್ನೇ ಬಳಸುತ್ತಾರೆ. ನಮ್ಮದು ಉಳಿದದ್ದಕ್ಕೆ ಕಾರಣ, ಹೋಳಿಯ ವಾರದಲ್ಲಿ ನಾನು ಹಿತ್ತಲಿಗೆ ಕೀಲಿ ಹಾಕಿಸುತ್ತೇನೆ. ನಮ್ಮ ಮನೆಯಿಂದ ಕಾಮಣ್ಣನಿಗೆ ಒಂದು ಕಡ್ಡಿಯೂ ಹೋದದ್ದಿಲ್ಲ. ಅದಕ್ಕಾಗಿ ಕಮಿಟಿಯವರು ಪ್ರತಿವರ್ಷ ನಮ್ಮ ಬಾಗಿಲ ಮುಂದೆ ತುಸು ಹೆಚ್ಚೇ ಹೊತ್ತು ಬಾಯಿ ಬಡಿದುಕೊಳ್ಳುತ್ತಾರೆ.

ಬಣ್ಣ ಶುರುವಾಗುವ ಮೊದಲೇ ಮುಗಿಸೋಣ ಎಂದು ಬೆಳಿಗ್ಗೆ ಪೂಜೆಯಾಗುತ್ತಲೇ ಸೀಟಿ ಊದಿದೆ. ನಾನು ಹೇಳಿದಂತೆ ನಮ್ಮವರು “ಬೆಂಕಿ, ಬೆಂಕಿ” ಎಂದು ಕೂಗಬೇಕಿತ್ತು. ಅವರು ಮಗ್ಗಿ ಒಪ್ಪಿಸುವ ಹಾಗೆ ಮೆಲ್ಲಗೆ ಹೇಳಿದರು. ಇಬ್ಬರೂ ಸೇರಿ ಮಣೆ ಹೊತ್ತೆವು. ತಿರುವಿನಲ್ಲಿ ಅದು ಬಾಗಿಲಿಗೆ ಬಡಿದು ಗೋಡೆಯ ಗಿಲಾವು ಉದುರಿತು. ಹೊರಗೆ ತಂದು, ರಸ್ತೆಯ ಆಚೆ ಬದಿಗೆ, ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದೆವು. ಮನೆಯಿಂದ ದೂರ ಇಡಬೇಕು, ಕಿಡಿ ಹಾರುತ್ತದೆ ಎಂದು ನಾನೇ ಹೇಳಿ ಅಷ್ಟು ದೂರ ಒಯ್ಯಿಸಿದ್ದು.

ಆಮೇಲೆ ಒಳಗೆ ಹೋಗಿ ನಮ್ಮವರು ಕಾಗದಪತ್ರದ ಚೀಲ ಹುಡುಕುವುದು, ನಾನು ಅತ್ತೆಯವರನ್ನು ಕರೆತರುವುದು. ಅವರು ಟ್ರಂಕು ತೆರೆದುಕೊಂಡು ಕುಳಿತಿದ್ದರು.

“ಏನ ಮಾಡಾಕತ್ತೀರಿ ಅತ್ತಿ? ಬೆಂಕಿ ಬಿದ್ದದ!”

“ಗೊತ್ತದ. ಬೆಂಕಿ ಬಿದ್ದದ ಅಂದ್ರ ಮಂದಿ ಕೂಡತಾರ. ಈ ಹರಕ ಸೀರ್‍ಯಾಗ ಬರಲೇನು? ಆ ಇಳಕಲ್ ಸೀರಿ ತಗಿ, ಅದಲ್ಲ, ಕೆಂಪ ಸೆರಗಿಂದು.”

ಸೀರೆ ಉಡಿಸಿದೆ. ನಿರಿಗೆ ಸರಿಯಾಗಲಿಲ್ಲವೆಂದು ಮತ್ತೊಮ್ಮೆ ಉಡಿಸಿದೆ. ಅಷ್ಟರೊಳಗೆ ಮನೆ ಅಡಿಪಾಯದವರೆಗೂ ಸುಟ್ಟಿರುತ್ತಿತ್ತು. ಹೊರಗೆ ಹಲಗಿಯ ಸಪ್ಪಳ ಹತ್ತಿರ ಬಂದು, ನಿಂತು, ಒಮ್ಮೆ ಭಾರೀ ಕೇಕೆಯಾಗಿ, ಮತ್ತೆ ದೂರವಾದದ್ದು ಕೇಳಿಸಿತು. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಅತ್ತೆಯವರ ರಟ್ಟೆ ಹಿಡಿದು ಕಟ್ಟೆಗೆ ಕರೆತಂದು ಕೂರಿಸಿದೆ.

ಅವರು ರಸ್ತೆಯ ಆಚೆ ನೋಡಿ ಕೇಳಿದರು: “ಮಣಿ ಎಲ್ಲದ?”

ಬೇವಿನ ಗಿಡವಿತ್ತು. ಮಣೆ ಇರಲಿಲ್ಲ.

ನಾನು ಓಣಿಯ ಮೂಲೆಗೆ ಓಡಿದೆ. ಆ ವಯಸ್ಸಿನಲ್ಲಿ ಓಡಬಾರದು ಎಂದು ಇತರರಿಗೆ ನಾನೇ ಹೇಳುತ್ತಿರುತ್ತೇನೆ. ಮಣೆ ರಾಶಿಯ ಮೇಲೆ ಅಡ್ಡಲಾಗಿ ಮಲಗಿತ್ತು. ಅದರ ಮೇಲೆ ಕುಳ್ಳು ಒಟ್ಟಿ, ತುದಿಗೆ ಕುಂಕುಮ ಹಚ್ಚಿ, ಒಂದು ಚೆಂಡುಹೂವನ್ನೂ ಸಿಕ್ಕಿಸಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಣ್ಣನವರು ಕಾವಲು ಕೂತಿದ್ದರು. ಆಗಲೇ ಯಾರೋ ಅವರ ಮುಖಕ್ಕೆ ಹಸಿರು ಬಳಿದಿದ್ದರು.

ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದರು. “ಸಿಸ್ಟರ್ ಅಕ್ಕಾರ! ಇಷ್ಟು ವರ್ಷದಾಗ ಒಂದು ಚಕ್ಕಿ ಸುದ್ದಾ ಕೊಟ್ಟಿದ್ದಿಲ್ಲ. ಈ ಸಲ ಸಾಗವಾನಿ! ಕಮಿಟಿ ಮಂದಿ ಅಗದೀ ಕುಣದಾಡಿದ್ರು. ನಿಮ್ಮ ಹೆಸರಲೇ ಮೂರು ಸಲ ಕೇಕಿ ಹೊಡಿಸೇನಿ.”

“ಅಣ್ಣಾರ, ಅದನ್ನ ಕೊಟ್ಟಿಲ್ರಿ. ಅದು ಡ್ರಿಲ್.”

“ಏನ್ರಿ?”

“ಬೆಂಕಿ ಬಿದ್ದರ ಏನು ಉಳಸಬೇಕು ಅಂತ ನೋಡಾಕತ್ತಿದ್ವಿ. ಉಳಸಾಕಂತ ಹೊರಗ ಇಟ್ಟಿದ್ವಿ.”

ಅಣ್ಣನವರು ರಾಶಿ ನೋಡಿದರು, ನನ್ನನ್ನು ನೋಡಿದರು. ಹಸಿರು ಬಣ್ಣದ ಕೆಳಗೆ ನಗು ತಡೆಯುವುದು ಕಾಣುತ್ತಿತ್ತು. “ಬೆಂಕಿಯಿಂದ ಉಳಸಾಕ ಹೋಗಿ… ಛೇ, ಛೇ. ಅಕ್ಕಾರ, ನನ್ನ ಕೈಯಾಗ ಇದ್ರ ಈಗಿಂದೀಗ ಕೊಡತಿದ್ದೆ. ಕಾಮಣ್ಣನ ಮ್ಯಾಲ ಬಿದ್ದದ್ದು ತಿರಗಿ ಬರಂಗಿಲ್ಲ. ನನ್ನ ಸ್ವಂತ ನಿಚ್ಚಣಿಕಿ ಹೋತು, ನಾ ಕೇಳಿದ್ನೇನು? ಈಗ ನಿಮಗ ಕೊಟ್ಟೆ ಅಂದ್ರ ನಾಳೆ ಎಲ್ಲಾರೂ ಬಂದು ನನ್ನ ಕುರ್ಚಿ ಕಾಲು, ನನ್ನ ಬಾಗಲಾ ಅಂತ ನಿಂದರತಾರ. ಕಮಿಟಿ ಮಾತಂದ್ರ ಮಾತು.”

“ಅದು ನಮ್ಮ ಅತ್ತೀದು.”

“ಅಜ್ಜಿಗೆ ಪುಣ್ಯ ಬರತದ ಬಿಡ್ರಿ.”

ವಾದಿಸಿ ಉಪಯೋಗವಿರಲಿಲ್ಲ. ಪದ್ಧತಿಗೆ ನಿಷ್ಠರಾದ ಮನುಷ್ಯನನ್ನು ನಾನು ಬಯ್ಯುವುದಾದರೂ ಹೇಗೆ? ತಿರುಗಿ ಮನೆಯ ಕಡೆ ನಡೆದೆ. ಅರವತ್ತು ಎಪ್ಪತ್ತು ವರ್ಷ ಆ ಮಣೆಗೆ ಏನೂ ಆಗಿರಲಿಲ್ಲ. ಗೆದ್ದಲು ಮುಟ್ಟಿರಲಿಲ್ಲ, ಮಳೆಗೆ ಸೀಳಿರಲಿಲ್ಲ. ಅದನ್ನು ಕಾಪಾಡಬೇಕೆಂದು ನಾನು ಹೊರಟ ಮೊದಲ ದಿನವೇ ಅದು ಬೆಂಕಿಯ ಬಾಯಿಗೆ ಹೋಗಿತ್ತು. ಅತ್ತೆಯವರಿಗೆ ಏನು ಹೇಳಲಿ?

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರೋಗಿಯ ಮನೆಯವರಿಗೆ ಹೇಳುವಾಗ ನಾವು ಹಾಗೆಯೇ ಹೇಳುತ್ತಿದ್ದೆವು. ಅತ್ತೆ ಕೆಂಪು ಸೆರಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿಸಿಕೊಂಡರು. ಅಷ್ಟರಲ್ಲಿ ಪಕ್ಕದ ಮನೆಯ ಆಪಾ ಹೊರಗೆ ಬಂದಿದ್ದರು. ಅವರ ಯಜಮಾನರು ಟೇಲರು. ಆಪಾ ಕಾಜಾ ಗುಂಡಿ ಮಾಡುವುದರಲ್ಲಿ ಎತ್ತಿದ ಕೈ, ಶಾವಿಗೆಯಲ್ಲಿ ಅದಕ್ಕಿಂತ ಮೇಲು. ಸುದ್ದಿ ಕೇಳಿ ಎರಡೂ ಕೈ ಗಲ್ಲಕ್ಕೆ ಹಚ್ಚಿಕೊಂಡರು.

“ಯಾ ಅಲ್ಲಾ! ಸಿಸ್ಟರ್, ರಂಜಾನ್ ಹಬ್ಬ ಇನ್ನೆಷ್ಟು ದಿನಾ ಉಳದದ? ನಾಳಿಗೆ ಕಣಕ ನಾದಬೇಕಂತ ಗೋದಿ ಬೀಸಿಸೇನಿ. ಸುರಕುಂಬಾದ ಹಾಲಿನ್ಯಾಗ ಹಾಕಾಕ ಎಲ್ಲಿಂದ ತರಲಿ ಶಾವಿಗಿ?”

“ಟೆಲಿಫೋನ್ ವಾಯರ್ ಹಾಕು,” ಎಂದರು ಅತ್ತೆ.

ಎದುರು ಮನೆಯ ಕಟ್ಟೆಯಿಂದ ಅಣ್ಣನವರ ಹೆಂಡತಿಯೂ ಇಳಿದು ಬಂದರು. ಆಪಾನ ಸರದಿಯ ಮರುದಿನ ಅವರ ಸರದಿ. “ನಮ್ಮ ಮನಿಯವರಿಗೆ ಕಣ್ಣಿಲ್ಲೇನು? ಪ್ರತಿ ಬ್ಯಾಸಗಿ ಆ ಮಣಿ ಮ್ಯಾಲಿನ ಶಾವಿಗೀನs ತಿಂದು ಹೊಟ್ಟಿ ಬೆಳಸ್ಯಾರ. ನಾ ಕೇಳತೇನಿ ತಡೀರಿ,” ಎಂದು ಹೊರಟೇಬಿಟ್ಟಿದ್ದರು.

“ಏ, ನಿಂದ್ರವಾ,” ಎಂದರು ಅತ್ತೆ. “ಕೇಳಬ್ಯಾಡ. ಕೇಳಿ ಇಸಗೊಳ್ಳೂದು ಪದ್ಧತಿ ಅಲ್ಲ. ಅಂವಾ ಹೇಳಿದ್ದು ಖರೇ ಅದ.” ಆಮೇಲೆ ನನ್ನ ಕಡೆ ತಿರುಗಿದರು. “ಅವರು ಹ್ಯಾಂಗ ಒಯ್ದ್ರು?”

“ಹ್ಯಾಂಗಂದ್ರ… ನಾವು ಒಳಗ ಇದ್ದಾಗ. ಕದ್ದು.”

“ಹಂಗಾರ?”

ನಾಲ್ಕೂ ಜನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಪಾ ಮೊದಲು ನಕ್ಕರು.

ಇಂಥ ಕೆಲಸಕ್ಕೆ ಬೇಕಾದ ತರಬೇತಿ ಆ ಓಣಿಯಲ್ಲಿ ನನ್ನೊಬ್ಬಳಿಗೇ ಇತ್ತು. ಸೊಂಟದ ಎಲುಬು ಮುರಿದವರನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಕೆಳಗಿನ ಆಸರೆ ತೆಗೆಯುವ ಮೊದಲು ಇನ್ನೊಂದು ಆಸರೆ ಕೊಡಬೇಕು. ಮಣೆಯನ್ನು ಹಾಗೆಯೇ ಎಳೆದರೆ ರಾಶಿ ಕುಸಿಯುತ್ತದೆ, ಓಣಿಗೆಲ್ಲ ಗೊತ್ತಾಗುತ್ತದೆ. ಅದರ ಜಾಗಕ್ಕೆ ಅಷ್ಟೇ ಉದ್ದದ ಇನ್ನೊಂದು ಕಟ್ಟಿಗೆ ಬೇಕು.

“ಹೌದು, ಕಾಮಣ್ಣನ ಕೈ ಖಾಲಿ ಮಾಡಬಾರದು,” ಎಂದು ಅತ್ತೆಯೂ ಅಪ್ಪಣೆ ಕೊಟ್ಟರು. “ನೀನೂ ಇಷ್ಟು ವರ್ಷ ಏನೂ ಕೊಟ್ಟಿಲ್ಲ.”

ಮನೆಯಲ್ಲಿ ಅಷ್ಟು ಉದ್ದದ್ದು ಒಂದೇ ಇತ್ತು: ನಮ್ಮ ನಿಚ್ಚಣಿಕೆ. ಒಳ್ಳೆಯ ಗಟ್ಟಿ ಬಿದಿರಿನದು. ಬೆಂಕಿ ಬಿದ್ದರೆ ಮಾಳಿಗೆಯಿಂದ ಇಳಿಯಲೆಂದು ನಾನೇ ಹಿತ್ತಲಲ್ಲಿ ಸದಾ ಒಂದೇ ಜಾಗದಲ್ಲಿ ನಿಲ್ಲಿಸಿರುತ್ತಿದ್ದೆ. ಹಿತ್ತಲ ಕೀಲಿ ತೆಗೆದು ನಮ್ಮವರ ಹೆಗಲಿಗೆ ಹೊರಿಸಿದೆ. ಬೆಳಗಿನಿಂದ ಅವರಿಗೆ ಯಾಕೆಂದು ಕೇಳುವುದೇ ಸಾಕಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕಮಿಟಿಯವರೆಲ್ಲ ಬಣ್ಣದ ಬಂಡಿಯ ಹಿಂದೆ ದೊಡ್ಡ ರಸ್ತೆಗೆ ಹೋದರು. ಉಳಿದವರು ಅಣ್ಣನವರೊಬ್ಬರೇ. ಅವರ ಹೆಂಡತಿ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು.

“ರೀ! ನೀರ ಕಾದಾವು, ಮೈ ತಿಕ್ಕೊಂಡು ಬರ್ರಿ. ಹೋಳಿಗಿ ಆರಾಕತ್ತಾವು!”

“ಕಾವಲಿ ಅದೇನಿ!”

“ಕಟಗಿ ಎದ್ದು ಓಡಿ ಹೋಗತಾವೇನು? ತುಪ್ಪ ಕಾಸೇನಿ!”

ತುಪ್ಪದ ಮಾತಿಗೆ ಅಣ್ಣನವರು ಎದ್ದರು. ಆ ತಾಯಿಗೆ ವಹಿಸಿದ್ದ ಕೆಲಸ ಒಂದೇ: ಅವರ ತಟ್ಟೆ ಖಾಲಿಯಾಗದಂತೆ ನೋಡಿಕೊಳ್ಳುವುದು. ಅತ್ತೆ ಕಟ್ಟೆಯ ಮೇಲೆ ಕಾವಲು. ಯಾರಾದರೂ ಬಂದರೆ ಕೆಮ್ಮಬೇಕು. ನಾನು, ನಮ್ಮವರು, ಆಪಾ ರಾಶಿಯ ಹತ್ತಿರ ಹೋದೆವು.

“ನಿಮ್ಮದು ಉಪವಾಸ ಅದ. ಭಾರ ಎತ್ತಬ್ಯಾಡ್ರಿ,” ಎಂದು ಆಪಾಗೆ ಹೇಳಿದೆ.

“ರೋಜಾ ಹೊಟ್ಟಿಗದ ಸಿಸ್ಟರ್, ಕೈಗಲ್ಲ,” ಎಂದು ಅವರು ಬುರ್ಖಾದ ತೋಳು ಏರಿಸಿದರು.

ಕುಳ್ಳುಗಳನ್ನು ಒಂದೊಂದಾಗಿ ಇಳಿಸಿ, ಇಳಿಸಿದ ಕ್ರಮದಲ್ಲಿಯೇ ಪಕ್ಕಕ್ಕೆ ಜೋಡಿಸಿದೆ. ನಮ್ಮವರು ಒಂದು ಬದಿಯಿಂದ ನಿಚ್ಚಣಿಕೆ ತೂರಿಸಿದರು. ನಾನು “ಒಂದು, ಎರಡು” ಎನ್ನುತ್ತಿದ್ದಂತೆ ಮಣೆ ಎತ್ತಿದೆವು. ಅಷ್ಟರಲ್ಲಿ ಕಟ್ಟೆಯಿಂದ ಕೆಮ್ಮು ಕೇಳಿಸಿತು. ಮೂವರೂ ನಿಂತಲ್ಲೇ ನಿಂತೆವು, ಮಣೆ ಗಾಳಿಯಲ್ಲಿ, ಆಪಾನ ಮೂಗಿನ ಮೇಲೆ ಕುಳ್ಳಿನ ಪುಡಿ. ಮತ್ತೆ ಕೆಮ್ಮು. ನಮ್ಮವರು ಕಣ್ಣು ಮುಚ್ಚಿಕೊಂಡರು, ಯಾರೂ ತಮ್ಮನ್ನು ನೋಡಲಾರರು ಎಂಬಂತೆ.

“ಯಾರ ಬಂದ್ರು ಅತ್ತಿ?” ಎಂದು ಅರ್ಧ ದನಿಯಲ್ಲಿ ಕೂಗಿದೆ.

“ಯಾರೂ ಇಲ್ಲವಾ,” ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳಿದರು. “ಇದು ಖರೇ ಕೆಮ್ಮು!”

ಮಣೆ ಇಳಿಯಿತು. ಕುಳ್ಳು ಮತ್ತೆ ತಮ್ಮ ಜಾಗಕ್ಕೆ ಏರಿದವು. ಚೆಂಡುಹೂವನ್ನು ನಿಚ್ಚಣಿಕೆಯ ತುದಿಗೆ ಸಿಕ್ಕಿಸಿದೆ, ಕುಂಕುಮವನ್ನೂ ಒರೆಸಿ ಹಚ್ಚಿದೆ. ಮಣೆಯೊಂದಿಗೆ ನಮ್ಮ ಬಾಗಿಲು ದಾಟುವಾಗ ಎದುರು ಮನೆಯಿಂದ ಅಣ್ಣನವರ ಧ್ವನಿ ಬರುತ್ತಿತ್ತು: “ಸಾಕs, ಸಾಕು, ಇನ್ನ ಹಾಕಬ್ಯಾಡ, ಉಸರಾಡಾಕ ಜಾಗಾ ಇಲ್ಲ!” ನನ್ನ ಇಡೀ ಸೇವೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ನಡೆದ ಸ್ಥಳಾಂತರ ಇನ್ನೊಂದಿಲ್ಲ. ಬೆಳಗಿನ ಡ್ರಿಲ್ಲಿನಲ್ಲಿ ಗೋಡೆಗೆ ಬಡಿದ ಮಣೆ ಈಗ ಚೌಕಟ್ಟಿಗೆ ತಾಗಲೂ ಇಲ್ಲ.

ಮಣೆಯನ್ನು ಪಡಸಾಲೆಯಲ್ಲಿ ಹಾಕಿದೊಡನೆ ಅತ್ತೆ ಬಂದು ಅದರ ಮೇಲೆ ಕುಳಿತರು. ಊಟವೂ ಅಲ್ಲಿಯೇ ಆಯಿತು. ನಾನು ಮೈಯ ಧೂಳು ತೊಳೆದುಕೊಂಡು ಬಂದು ಅವರ ಪಕ್ಕದಲ್ಲಿ ಕುಳಿತೆ.

“ಅತ್ತಿ, ಖರೇ ಹೇಳ್ರಿ. ಮನ್ಯಾಗ ಬಂಗಾರ ಅದ, ಮಾವನವರ ಫೋಟೋ ಅದ. ಇದನ್ನs ಯಾಕ ಮೊದಲ ಅಂದ್ರಿ?”

ಇದು ಕೇಳುವಂಥ ಪ್ರಶ್ನೆಯೇ ಎಂಬಂತೆ ಅವರು ನೋಡಿದರು. “ಮನಿ ಸುಟ್ಟ ಮ್ಯಾಲ ಎಲ್ಲಿ ನಿಂದರತೀವಿ? ಓಣ್ಯಾಗ ಹೌದಿಲ್ಲೋ? ಬಂಗಾರ ನಮ್ಮದು. ಅದನ್ನ ಹಿಡಕೊಂಡು ನಿಂತರ ಮಂದಿ ಬಂದು ನೋಡಿ ಹೋಗತಾರ. ಮಣಿ ಇತ್ತಂದ್ರ ಆಪಾ ಬರತಾಳ, ಎದುರು ಮನಿಯಾಕಿ ಬರತಾಳ, ಕೂಡತಾರ, ಹೊಸೀತಾರ. ಕುಂತವರು ರೊಟ್ಟಿ ತರಲಾರದs ಕೂಡತಾರೇನು?”

ನಾನು ಎದ್ದು ಹೋಗಿ ಗೋಡೆಯ ಗಿಲಾವು ಉದುರಿದ್ದನ್ನು ಗುಡಿಸಿದೆ.

ಸಂಜೆ ಕಾಮದಹನಕ್ಕೆ ಓಣಿಯೆಲ್ಲ ಸೇರಿತು. ಹೊಗೆ ಎದ್ದಿತು, ಕುಳ್ಳು ಹತ್ತಿದವು, ಹಲಗಿ ಏರಿತು. ಕುಳ್ಳು ಉದುರುತ್ತಿದ್ದಂತೆ ನಡುವೆ ನಿಚ್ಚಣಿಕೆಯ ಮೆಟ್ಟಿಲುಗಳು ಕೆಂಪಗೆ, ಒಂದರ ಮೇಲೊಂದು, ಎಣಿಸುವ ಹಾಗೆ ಕಾಣಿಸಿಕೊಂಡವು. ಬಿದಿರು ಢಂ ಎಂದು ಸಿಡಿಯಿತು. ಅಣ್ಣನವರ ಹಲಗಿಯ ತಾಳ ತಪ್ಪಿತು.

ಅವರು ನನ್ನ ಪಕ್ಕಕ್ಕೆ ಸರಿದು ಬಂದರು. ಎಷ್ಟು ತಿಕ್ಕಿದರೂ ಕಿವಿಯ ಹಿಂದಿನ ಹಸಿರು ಹೋಗಿರಲಿಲ್ಲ. “ಅಲ್ರಿ ಅಕ್ಕಾರ… ಅದು ನಿಮ್ಮ ನಿಚ್ಚಣಿಕಿ ಅಲ್ಲೇನ್ರಿ?”

“ಹೌದ್ರಿ ಅಣ್ಣಾರ.”

“ಮತ್ತ ಮಣಿ?”

“ಕಾಮಣ್ಣನ ಕೇಳ್ರಿ.”

“ಮಳಿಗಾಲ ಬರೂದರೊಳಗ ನಾ ಹಂಚು ತಿರುವಬೇಕಲ್ರಿ! ನಿಮ್ಮ ನಿಚ್ಚಣಿಕಿ ನಂಬಿಕೊಂಡು ಕುಂತಿದ್ದೆ!” ಆಮೇಲೆ ಅವರಿಗೆ ಎಲ್ಲವೂ ಅರ್ಥವಾದಂತಿತ್ತು. ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಗೆಗೆ ಕೆಮ್ಮುವವರಂತೆ ಕೆಮ್ಮುತ್ತಿದ್ದರು. “ಅದಕ್ಕs ಅಷ್ಟು ತುಪ್ಪ! ಕಾಮಣ್ಣನ ಸಾಮಾನು ಕದ್ದರ ಪಾಪ ಬರತದ, ಹೇಳಿರತೇನಿ.”

ಹಿಂದಿನಿಂದ ಅತ್ತೆ ಹೇಳಿದರು: “ಕದ್ದದ್ದನ್ನ ಕದ್ದರ ಪಾಪ ಅರ್ಧಾ ಆಗತದೋ ತಮ್ಮಾ. ಇನ್ನರ್ಧಾ ನಿನ್ನ ಕಡೇನs ಅದ.”

ಮರುದಿನ ನಮ್ಮ ಮಾಳಿಗೆಯ ಮೇಲೆ ಆಪಾನ ಶಾವಿಗೆ. ಮೆಟ್ಟಿಲ ಮೇಲಿಂದ ಮಣೆ ಸಾಗಿಸಲು ಅಣ್ಣನವರನ್ನೇ ಕರೆದೆವು. ಅವರು ಮಣೆಯ ತುದಿಯಲ್ಲಿ ಉಳಿದ ಕುಂಕುಮದ ಕಲೆ ನೋಡಿ, ಆ ತುದಿಯನ್ನೇ ಹೆಗಲಿಗೆ ಏರಿಸಿಕೊಂಡರು. ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕೋಲು ಹಿಡಿದು ನಿಂತು ಎಳೆ ಹಾಕಿಸಿಕೊಂಡರು. ಹಬ್ಬದ ದಿನ ಆಪಾ ಕಳಿಸಿದ ಸುರಕುಂಬಾದಲ್ಲಿ ದೊಡ್ಡ ಬಟ್ಟಲು ಹೋದದ್ದು ಅಣ್ಣನವರ ಮನೆಗೆ.

ಡ್ರಿಲ್ಲನ್ನು ನಾನು ಬಿಟ್ಟಿಲ್ಲ. ಒಂದು ಸಲ ಕೆಟ್ಟಿತೆಂದು ಪದ್ಧತಿ ಬಿಡುವುದು ನನಗೆ ಕಲಿಸಿದ್ದಲ್ಲ, ತಿದ್ದಬೇಕು. ಮಣೆ ಮೊದಲೋ ಅತ್ತೆ ಮೊದಲೋ ಎಂಬ ತಕರಾರೇ ಬೇಡ, ಎರಡೂ ಕೂಡಿಯೇ ಹೋಗಲಿ ಎಂದು ನಿರ್ಧರಿಸಿದೆ. ಆಳಿಗಿಂತ ಉದ್ದದ ಗಟ್ಟಿ ಹಲಗೆ. ಇಷ್ಟು ವರ್ಷ ಕಣ್ಣೆದುರಿಗಿದ್ದರೂ ಅದು ಸ್ಟ್ರೆಚರ್ ಎಂಬುದು ನನಗೆ ಕಂಡಿರಲಿಲ್ಲ. ಹೋಳಿ, ರಂಜಾನ್, ಯುಗಾದಿ ಎಲ್ಲ ಮುಗಿದ ಮೇಲೆ, ನೀರು ಬಾರದ ಒಂದು ದಿನ ನೋಡಿ ಮತ್ತೆ ಸೀಟಿ ಊದಿದೆ. ಒಂದು ತುದಿಗೆ ನಮ್ಮವರು ಮತ್ತು ನಾನು, ಇನ್ನೊಂದು ತುದಿಗೆ ಅಣ್ಣನವರು ಮತ್ತು ಆಪಾ.

ಅತ್ತೆಯವರನ್ನು ಮಣೆಯ ಮೇಲೆ ಕೂರಿಸಹೊರಟೆ. ಮಲಗಿದರೆ ಕೆಮ್ಮು ಬರುತ್ತದೆಂದು ನನ್ನ ಯೋಚನೆ. ಅವರು ಕೈ ಒದರಿದರು.

“ಕುಂಡರಿಸಿ ಒಯ್ಯಬ್ಯಾಡ. ಮಲಗಿಸು.”

ಯಾಕೆಂದು ನನಗೆ ತಟ್ಟನೆ ಹೊಳೆಯಿತು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿಯೇ ಒಯ್ಯುವುದು. ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ನಾಲ್ಕು ಜನರ ಕೈಮೇಲೆ ಕುಳಿತು ಹೊರಗೆ ಬಂದರೆ ಓಣಿಯವರು ಹೂವು ತರಲು ಓಡುತ್ತಾರೆ.

ಮಲಗಿಸಿದೆ. ಎಣಿಸಿದೆ. ಎತ್ತಿದೆವು. ಬಾಗಿಲು ದಾಟಿ ಬಿಸಿಲಿಗೆ ಬರುತ್ತಿದ್ದಂತೆ ಅತ್ತೆ ಸೆರಗಿನಿಂದ ಮುಖಕ್ಕೆ ನೆರಳು ಮಾಡಿಕೊಂಡು, ಎರಡೂ ಬದಿಯ ಕಟ್ಟೆಗಳ ಮೇಲೆ ನಿಂತವರಿಗೆಲ್ಲ ಊಟ ಆಯಿತೇ ಎಂದು ಕೇಳುತ್ತ ಸಾಗಿದರು.

“ಲಗೂ ನಡೀರಿ ಅಕ್ಕಾರ, ಅಜ್ಜಿ ಭಾಳ ಭಾರ ಅದಾರ,” ಎಂದು ಅಣ್ಣನವರು ಏದುಸಿರು ಬಿಟ್ಟರು.

ಮಣೆಯ ಮೇಲಿಂದ ಉತ್ತರ ಬಂತು: “ನಾ ಹಗುರ ಅದೇನೋ ತಮ್ಮಾ. ಭಾರ ಇರೂದು ಮಣಿ. ಅದನ್ನ ಗಟ್ಟಿ ಹಿಡಿ.”